‘ಎಲ್ಲಾ ಹೇಳ್ಕೋತೀನಿ’ ಅಂದರೆ ಸಾಲದು: ಬಾಂಧವ್ಯ ಸಂದರ್ಶನದ ಬಗ್ಗೆ ಓದುಗರ ಪ್ರಶ್ನೆಗಳು

ವಯಸ್ಕರ ಬಾಂಧವ್ಯ ಶೈಲಿ (ಆಪ್ತರನ್ನು ಎಷ್ಟು ನಂಬುತ್ತಾರೆ, ಅವರಿಗೆ ಎಷ್ಟು ಹತ್ತಿರವಾಗುತ್ತಾರೆ ಎಂಬ ರೀತಿ) ಮತ್ತು ಅವರಿಗಿರುವ ಸಾಮಾಜಿಕ ಬೆಂಬಲವನ್ನು ಸಂದರ್ಶನದ ಮೂಲಕ ಅಳೆಯುವುದು ಹೇಗೆ ಎಂದು ಕೇಳಿ ಬಂದ ಪತ್ರಗಳಿಗೆ ಈ ಸಂಚಿಕೆಯಲ್ಲಿ ಉತ್ತರಿಸಿದ್ದೇವೆ. ಬರೆದವರಲ್ಲಿ ಹೆಚ್ಚಿನವರು ಆಪ್ತಸಮಾಲೋಚಕರು, ಸಮಾಜಕಾರ್ಯದ ವಿದ್ಯಾರ್ಥಿಗಳು. ಒಂದೇ ವಿಷಯ ಕೇಳಿದ ಪತ್ರಗಳನ್ನು ಒಟ್ಟುಗೂಡಿಸಿದ್ದೇವೆ.

ಪ್ರಶ್ನೆ: ಹತ್ತು ನಿಮಿಷದಲ್ಲಿ ತುಂಬಿಸಬಹುದಾದ ಪ್ರಶ್ನಾವಳಿ ಇರುವಾಗ ಒಂದೂವರೆ ಗಂಟೆ ಕೂತು ಸಂದರ್ಶನ ಮಾಡುವುದು ಯಾಕೆ? ಮಾಡಲೇಬೇಕೆಂದರೆ ಯಾವ ಸಂದರ್ಶನ? ಎರಡು ಮೂರು ಹೆಸರು ಕೇಳಿ ಗೊಂದಲವಾಗಿದೆ. (ಸಮಾಜಕಾರ್ಯ ವಿದ್ಯಾರ್ಥಿನಿ)

ಉತ್ತರ: ಪ್ರಶ್ನಾವಳಿ ಕೆಟ್ಟದ್ದೇನಲ್ಲ. ಐನೂರು ಜನರ ಸಮೀಕ್ಷೆಗೆ ಅದೇ ಸರಿ. 1998ರಲ್ಲಿ ಬ್ರೆನನ್, ಕ್ಲಾರ್ಕ್ ಮತ್ತು ಶೇವರ್ ಸಿದ್ಧಪಡಿಸಿದ 36 ವಾಕ್ಯಗಳ ಮಾಪನವನ್ನು ಇಂದಿಗೂ ಎಲ್ಲೆಡೆ ಬಳಸುತ್ತಾರೆ. ಆದರೆ ಅದು ತಿಳಿಸುವುದು ಆ ವ್ಯಕ್ತಿಗೆ ತನ್ನ ಬಗ್ಗೆ ಇರುವ ಅಭಿಪ್ರಾಯವನ್ನು ಮಾತ್ರ. ಜನರನ್ನು ದೂರ ಇಟ್ಟೇ ಬದುಕುವುದು ಅಭ್ಯಾಸವಾದವರು ‘ನನಗೇನೂ ತೊಂದರೆ ಇಲ್ಲ’ ಎಂದು ಪ್ರಾಮಾಣಿಕವಾಗಿಯೇ ಗುರುತು ಹಾಕುತ್ತಾರೆ. ಅವರು ನಿಮಗೆ ಸುಳ್ಳು ಹೇಳುತ್ತಿಲ್ಲ. ಅವರಿಗೆ ಕಾಣುವುದೇ ಅಷ್ಟು.

ಸಂದರ್ಶನಗಳಲ್ಲಿ ಮುಖ್ಯವಾಗಿ ಎರಡನ್ನು ತಿಳಿದುಕೊಳ್ಳಿ. ಮೊದಲನೆಯದು ಅಡಲ್ಟ್ ಅಟ್ಯಾಚ್‌ಮೆಂಟ್ ಇಂಟರ್‌ವ್ಯೂ, ಅಂದರೆ ಎಎಐ. ಕ್ಯಾರಲ್ ಜಾರ್ಜ್, ನ್ಯಾನ್ಸಿ ಕಪ್ಲಾನ್ ಮತ್ತು ಮೇರಿ ಮೇನ್ 1980ರ ದಶಕದ ಮಧ್ಯದಲ್ಲಿ ಇದನ್ನು ರೂಪಿಸಿದರು. ಸುಮಾರು 20 ಪ್ರಶ್ನೆ, ಒಂದು ಗಂಟೆಯ ಆಸುಪಾಸು. ವಿಷಯ ಬಾಲ್ಯದ್ದು. ಆದರೆ ಇದರಲ್ಲಿ ಅಂಕ ಸಿಗುವುದು ಬಾಲ್ಯ ಹೇಗಿತ್ತು ಎನ್ನುವುದಕ್ಕಲ್ಲ, ಅದನ್ನು ಇಂದು ಹೇಗೆ ಹೇಳುತ್ತಾರೆ ಎನ್ನುವುದಕ್ಕೆ. ಎರಡನೆಯದು ಅಟ್ಯಾಚ್‌ಮೆಂಟ್ ಸ್ಟೈಲ್ ಇಂಟರ್‌ವ್ಯೂ, ಎಎಸ್‌ಐ. ಲಂಡನ್ನಿನಲ್ಲಿ ಆಂಟೋನಿಯಾ ಬಿಫುಲ್ಕೊ ಮತ್ತು ಸಂಗಡಿಗರು ಬೆಳೆಸಿದ್ದು, ಅದರ ಮುಖ್ಯ ಲೇಖನಗಳು ಬಂದದ್ದು 2002ರಲ್ಲಿ. ಇದು ಕೇಳುವುದು ಇವತ್ತಿನ ಬದುಕನ್ನು: ಕಷ್ಟ ಬಂದರೆ ಯಾರ ಹತ್ತಿರ ಹೋಗುತ್ತೀರಿ, ಹೋದಾಗ ಏನಾಯಿತು, ಹೋಗದಿದ್ದರೆ ಯಾಕೆ.

ಈ ಮಾಪನಗಳನ್ನು ಒಂದೇ ವಸ್ತುವನ್ನು ಅಳೆಯುವ ಉದ್ದ ಮತ್ತು ಗಿಡ್ಡ ಪಟ್ಟಿಗಳೆಂದು ತಿಳಿದರೆ ದಾರಿ ತಪ್ಪುತ್ತೀರಿ. 2007ರಲ್ಲಿ ರಾಯ್ಸ್‌ಮನ್ ಮತ್ತಿತರರು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಎಎಐಗೂ ಸ್ವಯಂ ತುಂಬುವ ಪ್ರಶ್ನಾವಳಿಗಳಿಗೂ ಇದ್ದ ಸಹಸಂಬಂಧ (ಎರಡು ಅಳತೆಗಳು ಒಟ್ಟಿಗೆ ಏರಿಳಿಯುವ ಪ್ರಮಾಣ, 1 ಎಂದರೆ ಪೂರ್ಣ) 0.09ರಷ್ಟು ಮಾತ್ರ, ಅಂದರೆ ಇಲ್ಲವೆಂದೇ ಹೇಳಬಹುದು. ನಿಮ್ಮ ಪ್ರಶ್ನೆ ‘ಬೆಂಬಲ ಮತ್ತು ಬಾಂಧವ್ಯ ಎರಡನ್ನೂ ಒಟ್ಟಿಗೆ ನೋಡಬೇಕು’ ಎಂಬುದಾದರೆ ಎಎಸ್‌ಐ ಮಾದರಿಯನ್ನೇ ಆರಿಸಿಕೊಳ್ಳಿ.

ಪ್ರಶ್ನೆ: ಸಂದರ್ಶನ ಎಲ್ಲಿಂದ ಶುರು ಮಾಡಬೇಕು? ನೇರವಾಗಿ ‘ಜನರನ್ನು ನಂಬುತ್ತೀರಾ’ ಎಂದು ಕೇಳಿದರೆ ಎಲ್ಲರೂ ‘ನಂಬುತ್ತೇನೆ’ ಅನ್ನುತ್ತಾರೆ. (ಆಪ್ತಸಮಾಲೋಚಕರು)

ಉತ್ತರ: ಅದಕ್ಕೇ ನಂಬಿಕೆಯ ಪ್ರಶ್ನೆ ಕೊನೆಗೆ ಬರಬೇಕು. ಮೊದಲು ಜನ, ಆಮೇಲೆ ಘಟನೆ, ಮನೋಭಾವ ಆ ನಂತರ.

ಮನೆಯಲ್ಲಿ ಯಾರಿದ್ದಾರೆ, ಯಾರನ್ನು ಎಷ್ಟು ದಿನಕ್ಕೊಮ್ಮೆ ನೋಡುತ್ತಾರೆ ಅಥವಾ ಮಾತನಾಡುತ್ತಾರೆ ಎಂದು ಬರೆದುಕೊಳ್ಳಿ. ಅದರಲ್ಲಿ ಸಂಗಾತಿ ಇದ್ದರೆ ಅವರನ್ನು, ಜೊತೆಗೆ ತೀರಾ ಆಪ್ತರೆನ್ನುವ ಇಬ್ಬರವರೆಗೆ ಗುರುತಿಸಿ. ಆಪ್ತರೆಂದರೆ ಹೆಚ್ಚು ಭೇಟಿಯಾಗುವವರು ಎಂದಲ್ಲ, ಮನಸ್ಸಿನಲ್ಲಿರುವುದನ್ನು ಹೇಳಿಕೊಳ್ಳುವವರು. ದಿನವೂ ಜೊತೆಗೆ ಕೂತು ಕೆಲಸ ಮಾಡುವ ಸಹೋದ್ಯೋಗಿ ಈ ಪಟ್ಟಿಗೆ ಬರದೇ ಹೋಗಬಹುದು, ವಾರಕ್ಕೊಂದು ಸಲ ಫೋನ್ ಮಾಡುವ ತಂಗಿ ಬರಬಹುದು.

ಈಗ ಒಬ್ಬೊಬ್ಬರ ಬಗ್ಗೆಯೂ ಪ್ರತ್ಯೇಕವಾಗಿ ಕೇಳಬೇಕು: ಹೇಳಿಕೊಳ್ಳುವುದು ಎಷ್ಟು, ಹೇಳಿಕೊಂಡಾಗ ಸಿಕ್ಕ ಭಾವನಾತ್ಮಕ ಬೆಂಬಲ ಎಷ್ಟು, ಒಟ್ಟಿಗೆ ಖುಷಿಯಾಗಿ ಕಳೆಯುವ ಸಮಯ, ಜಗಳ ಮತ್ತು ಕಿರಿಕಿರಿ, ಆ ವ್ಯಕ್ತಿಯ ಬಗ್ಗೆ ಇರುವ ಸೆಳೆತ. ಪ್ರತಿಯೊಂದಕ್ಕೂ ನಾಲ್ಕು ಹಂತದ ಅಂಕ: ತೀವ್ರ, ಮಧ್ಯಮ, ಅಲ್ಪ, ಬಹುತೇಕ ಇಲ್ಲ. ಇಲ್ಲಿ ಒಂದು ನಿಯಮವನ್ನು ಬಿಗಿಯಾಗಿ ಹಿಡಿಯಿರಿ. ಅಂಕ ಕೊಡುವುದು ಹೇಳಿಕೆಗಲ್ಲ, ನಿದರ್ಶನಕ್ಕೆ. ಈ ಮಾತುಕತೆ ನೋಡಿ, ತಿಳಿಯಲೆಂದು ನಾವೇ ರಚಿಸಿದ್ದು:

— ಅಕ್ಕನ ಹತ್ರ ಮನಸ್ಸು ಬಿಚ್ಚಿ ಮಾತಾಡ್ತೀರಾ?
— ಓ, ಎಲ್ಲಾ ಹೇಳ್ಕೋತೀನಿ. ನಮ್ಮಿಬ್ಬರ ಮಧ್ಯೆ ಮುಚ್ಚುಮರೆ ಇಲ್ಲ.
— ಈಚೆಗೆ ನಿಮಗೆ ತುಂಬಾ ಚಿಂತೆ ಹಚ್ಚಿದ ವಿಷಯ ಯಾವುದು?
— ಕೆಲಸ ಹೋಗುತ್ತೆ ಅಂತ ಗೊತ್ತಾಯ್ತಲ್ಲ, ಅದು.
— ಅಕ್ಕನಿಗೆ ಯಾವಾಗ ಹೇಳಿದ್ರಿ?
— ಹೇಳ್ದೆ... ಬೇರೆ ಕೆಲಸ ಸಿಕ್ಕ ಮೇಲೆ.
— ಅಲ್ಲೀವರೆಗೆ ಇನ್ಯಾರಿಗಾದ್ರೂ ಹೇಳಿದ್ರಾ?
— ಇಲ್ಲ. ಅವರಿಗೂ ಯಾಕೆ ತಲೆನೋವು ಕೊಡೋದು ಅಂತ.

‘ಮುಚ್ಚುಮರೆ ಇಲ್ಲ’ ಎಂಬ ಮಾತಿಗೆ ಮನಸೋತು ‘ತೀವ್ರ’ ಎಂದು ಬರೆದಿರೋ, ಇಡೀ ಸಂದರ್ಶನ ಹಳ್ಳ ಹಿಡಿಯಿತು. ಕಷ್ಟ ಕಣ್ಣ ಮುಂದೆ ಇದ್ದಾಗ ಹೇಳಿಲ್ಲ, ತೀರಿದ ಮೇಲೆ ಸುದ್ದಿ ಮುಟ್ಟಿಸಿದ್ದಾರೆ. ಇನ್ನೆರಡು ನಿದರ್ಶನಗಳೂ ಹೀಗೇ ಇದ್ದರೆ ಹೇಳಿಕೊಳ್ಳುವುದಕ್ಕೆ ಅಂಕ ‘ಅಲ್ಪ’. ಕೊನೆಯ ಸಾಲನ್ನು ಹಾಗೇ ಬರೆದಿಟ್ಟುಕೊಳ್ಳಿ, ಮನೋಭಾವಗಳಿಗೆ ಅಂಕ ಕೊಡುವಾಗ ಅದು ಬೇಕಾಗುತ್ತದೆ. ಪ್ರತಿ ಆಪ್ತರ ಬಗ್ಗೆಯೂ ಇಂಥ ಎರಡು ಮೂರು ನಿದರ್ಶನ ಸಿಗುವವರೆಗೆ ಮುಂದಕ್ಕೆ ಹೋಗಬೇಡಿ. ಯಾವಾಗ, ಎಷ್ಟು ವಿವರವಾಗಿ, ಎದುರಿನವರು ಏನಂದರು, ಕೇಳಿ ಹೇಗನಿಸಿತು: ಈ ನಾಲ್ಕು ಉಪಪ್ರಶ್ನೆ ನಾಲಿಗೆಯ ತುದಿಯಲ್ಲಿರಲಿ.

ಪ್ರಶ್ನೆ: ಇಪ್ಪತ್ತು ಸ್ನೇಹಿತರು, ನಾಲ್ಕಾರು ವಾಟ್ಸ್‌ಆ್ಯಪ್ ಗುಂಪು ಇರುವವರಿಗೆ ಬೆಂಬಲ ಚೆನ್ನಾಗಿದೆ ಎಂದು ಬರೆಯಬಹುದೇ?

ಉತ್ತರ: ಬರೆಯಬಾರದು. ಎಣಿಕೆ ಬೇರೆ, ಆಸರೆ ಬೇರೆ. ಜಾರ್ಜ್ ಬ್ರೌನ್ ಮತ್ತು ಟಿರಿಲ್ ಹ್ಯಾರಿಸ್ ಲಂಡನ್ನಿನ ಕ್ಯಾಂಬರ್‌ವೆಲ್‌ನ ಮಹಿಳೆಯರನ್ನು ಅಧ್ಯಯನ ಮಾಡಿ 1978ರಲ್ಲಿ ತೋರಿಸಿಕೊಟ್ಟದ್ದು ಇದನ್ನೇ: ದೊಡ್ಡ ಆಘಾತ ಬಂದಾಗ ಖಿನ್ನತೆಗೆ ದೂಡುವ ಅಂಶಗಳಲ್ಲಿ, ಮನಬಿಚ್ಚಿ ಹೇಳಿಕೊಳ್ಳಬಲ್ಲ ಒಬ್ಬ ಸಂಗಾತಿ ಇಲ್ಲದಿರುವುದೂ ಒಂದು. ಪರಿಚಿತರು ಎಷ್ಟು ಜನ ಎಂಬುದು ಆ ಕೊರತೆಯನ್ನು ತುಂಬುವುದಿಲ್ಲ.

ಹೆಂಡರ್ಸನ್ ಮತ್ತು ಸಂಗಡಿಗರು ಕ್ಯಾನ್‌ಬೆರಾದಲ್ಲಿ ರೂಪಿಸಿದ 52 ಪ್ರಶ್ನೆಗಳ ಸಂದರ್ಶನ ಇನ್ನೊಂದು ವ್ಯತ್ಯಾಸವನ್ನು ಗುರುತಿಸುತ್ತದೆ. ಆಪ್ತ ಸಂಬಂಧ ಲಭ್ಯವಿದೆಯೇ ಎನ್ನುವುದು ಒಂದು, ಇರುವುದು ಸಾಕಾಗುತ್ತಿದೆಯೇ ಎನ್ನುವುದು ಇನ್ನೊಂದು. ಆತಂಕದ ಬಾಂಧವ್ಯ, ಅಂದರೆ ಆಪ್ತರು ಬಿಟ್ಟುಹೋಗುತ್ತಾರೆಂಬ ಅಳುಕು, ಇರುವವರಿಗೆ ಎಷ್ಟಿದ್ದರೂ ಸಾಲದೆನಿಸಬಹುದು. ದೂರ ಇರಲು ಬಯಸುವವರಿಗೆ ಏನೂ ಇಲ್ಲದಿದ್ದರೂ ಸಾಕೆನಿಸಬಹುದು. ಎರಡನ್ನೂ ಬೇರೆ ಬೇರೆ ಕಾಲಮ್ಮಿನಲ್ಲಿ ಬರೆಯಿರಿ.

ಎಎಸ್‌ಐನಲ್ಲಿ ಸಂಬಂಧ ಕಟ್ಟಿಕೊಂಡು ಉಳಿಸಿಕೊಳ್ಳುವ ಸಾಮರ್ಥ್ಯ ಚೆನ್ನಾಗಿದೆ ಎನ್ನಬೇಕಾದರೆ ಸಂಗಾತಿಯೂ ಸೇರಿ ಕನಿಷ್ಠ ಇಬ್ಬರ ಜೊತೆ ಒಳ್ಳೆಯ ಬೆಂಬಲದ ಸಂಬಂಧ ಇರಬೇಕು. ಇಬ್ಬರು ಸಾಕು.

ಪ್ರಶ್ನೆ: ಶೈಲಿಗಳನ್ನು ಬಿಡಿಸಿ ಹೇಳಿ. ಭಯದಿಂದ ದೂರ ಇರುವವರು, ಸಿಟ್ಟಿನಿಂದ ದೂರ ಇರುವವರು, ಸುಮ್ಮನೆ ದೂರ ಇರುವವರು ನನಗೆ ಒಂದೇ ಥರ ಕಾಣುತ್ತಾರೆ. (ಮನೋವಿಜ್ಞಾನ ಎಂ.ಎಸ್ಸಿ. ವಿದ್ಯಾರ್ಥಿ)

ಉತ್ತರ: ಮೇಲ್ನೋಟಕ್ಕೆ ಒಂದೇ ಥರ ಕಾಣುವುದು ಸಹಜ. ಮೂವರೂ ಸಹಾಯ ಕೇಳುವುದಿಲ್ಲ. ಕಾರಣ ಕೇಳಿದಾಗ ಮಾತ್ರ ಬೇರೆಯಾಗುತ್ತಾರೆ.

ಎಎಸ್‌ಐ ಏಳು ಮನೋಭಾವಗಳಿಗೆ ಅಂಕ ಕೊಡುತ್ತದೆ: ಅಪನಂಬಿಕೆ, ಹತ್ತಿರವಾಗಲು ಇರುವ ಅಡ್ಡಿ, ತಿರಸ್ಕಾರದ ಭಯ, ಸ್ವಾವಲಂಬನೆ, ಜೊತೆ ಬೇಕೆಂಬ ಹಂಬಲ, ಅಗಲಿಕೆಯ ಭಯ, ಸಿಟ್ಟು. ‘ಯಾಕೆ ಕೇಳಲಿಲ್ಲ?’ ಎಂಬ ಒಂದೇ ಪ್ರಶ್ನೆಗೆ ಬರುವ ಉತ್ತರಗಳನ್ನು ಗಮನಿಸಿ. ‘ಕೇಳಬೇಕು ಅನ್ನಿಸ್ತು, ಆದರೆ ಅವರು ಏನಂದ್ಕೋತಾರೋ’ ಎಂದರೆ ತಿರಸ್ಕಾರದ ಭಯ ಎದ್ದು ಕಾಣುತ್ತಿದೆ, ಹತ್ತಿರವಾಗುವ ಆಸೆಯೂ ಇದೆ. ಅಪನಂಬಿಕೆಯೂ ಅಡ್ಡಿಯೂ ಸೇರಿದರೆ ಅದು ಭಯದ ಶೈಲಿ. ‘ಯಾರನ್ನ ಕೇಳೋದು, ಎಲ್ಲಾ ಸಮಯಸಾಧಕರು, ನನ್ನ ಕೆಲಸ ನಾನೇ ನೋಡ್ಕೋತೀನಿ’ ಎನ್ನುವಲ್ಲಿ ಅಪನಂಬಿಕೆ, ವಿಪರೀತ ಸ್ವಾವಲಂಬನೆ, ಸಿಟ್ಟು ಮೂರೂ ಇವೆ. ಅದು ಸಿಟ್ಟಿನಿಂದ ದೂರ ತಳ್ಳುವ ಶೈಲಿ. ‘ಕೇಳೋ ಅಂಥದ್ದೇನೂ ಇರಲಿಲ್ಲ. ನನ್ನ ವಿಷಯ ನನ್ನ ಹತ್ರ ಇರಲಿ’ ಎನ್ನುವವರಲ್ಲಿ ಭಯವೂ ಇಲ್ಲ, ಸಿಟ್ಟೂ ಇಲ್ಲ. ಸ್ವಾವಲಂಬನೆ ಮತ್ತು ಅಡ್ಡಿ ಮಾತ್ರ ಇವೆ. ಅದು ಹಿಂದೆ ಸರಿಯುವ ಶೈಲಿ.

ನಾಲ್ಕನೆಯದು ಅಂಟಿಕೊಳ್ಳುವ ಶೈಲಿ. ಜೊತೆಯ ಹಂಬಲ ಬಹಳ, ಸ್ವಾವಲಂಬನೆ ಕಡಿಮೆ, ಅಗಲಿಕೆಯ ಭಯ ಹೆಚ್ಚು. ಇವರಿಗೆ ಸಂಬಂಧಗಳು ತುಂಬಾ ಇರುತ್ತವೆ, ಆಳ ಕಡಿಮೆ. ಮೇಲಿನ ಪ್ರಶ್ನೆಯ ಇಪ್ಪತ್ತು ಸ್ನೇಹಿತರ ಉದಾಹರಣೆ ಬಹಳ ಸಲ ಇಲ್ಲಿಗೆ ಬಂದು ಸೇರುತ್ತದೆ. ಐದನೆಯದು ಸುಭದ್ರ ಶೈಲಿ: ಬೇಕಾದಾಗ ಕೇಳುತ್ತಾರೆ, ತಾನೇ ಮಾಡಬಹುದಾದುದನ್ನು ಮಾಡಿಕೊಳ್ಳುತ್ತಾರೆ, ಒಬ್ಬರು ಕೈಕೊಟ್ಟರೆ ಎಲ್ಲರ ಮೇಲೂ ಅಪನಂಬಿಕೆ ಹೊರಿಸುವುದಿಲ್ಲ.

ಹೊಸಬರು ಹೆಚ್ಚಾಗಿ ಎಡವುವುದು ಸ್ವಾವಲಂಬನೆಯಲ್ಲಿ. ‘ನಾನೇ ನಿಭಾಯಿಸ್ತೀನಿ’ ಎಂಬ ಮಾತು ಕಿವಿಗೆ ಹಿತ, ಅದಕ್ಕೆ ಗುಣವೆಂದು ಅಂಕ ಕೊಟ್ಟುಬಿಡುತ್ತಾರೆ. ಇಲ್ಲಿ ಅದರ ಎರಡೂ ತುದಿ ತೊಂದರೆಯವೇ. ಜ್ವರದಲ್ಲಿ ಮಲಗಿದಾಗಲೂ ಒಬ್ಬರಿಗೆ ಫೋನ್ ಮಾಡದವರ ಸ್ವಾವಲಂಬನೆಯನ್ನೂ, ಯಾವ ಚಿಕ್ಕ ತೀರ್ಮಾನವನ್ನೂ ಒಬ್ಬರೇ ತೆಗೆದುಕೊಳ್ಳಲಾಗದವರ ಅವಲಂಬನೆಯನ್ನೂ ಸಮಸ್ಯೆಯೆಂದೇ ಬರೆಯಬೇಕು.

ಎರಡು ಶೈಲಿ ಒಬ್ಬರಲ್ಲೇ ಸ್ಪಷ್ಟವಾಗಿ ಕಂಡರೆ ಒಂದಕ್ಕೆ ಇಳಿಸಲು ಹೆಣಗಬೇಡಿ, ಎರಡನ್ನೂ ದಾಖಲಿಸಿ. ಶೈಲಿಯ ಹೆಸರಿನಷ್ಟೇ, ನಮ್ಮ ಮಟ್ಟಿಗೆ ಅದಕ್ಕಿಂತ ಹೆಚ್ಚಾಗಿ, ಮುಖ್ಯವಾದದ್ದು ಅದರ ಮಟ್ಟ: ತೀವ್ರವೇ, ಮಧ್ಯಮವೇ, ಸೌಮ್ಯವೇ. ಈ ಮಟ್ಟ ಬಹುಪಾಲು ಸಂಬಂಧಗಳ ಗುಣಮಟ್ಟವನ್ನು ಅವಲಂಬಿಸಿದೆ. ಸ್ವಲ್ಪ ಅಳುಕು ಸ್ವಭಾವದವರಾದರೂ ಒಳ್ಳೆಯ ಆಪ್ತರಿಬ್ಬರಿದ್ದರೆ ಅವರದು ಸೌಮ್ಯ ಮಟ್ಟ. ‘ಭಯದ ಶೈಲಿ’ ಎಂದಷ್ಟೇ ಬರೆದು ಮಟ್ಟ ಬಿಟ್ಟ ವರದಿ ಆ ವ್ಯಕ್ತಿಗೆ ಅನ್ಯಾಯ ಮಾಡುತ್ತದೆ.

ಪ್ರಶ್ನೆ: ಎಎಐ ಮಾದರಿಯಲ್ಲಿ ತಾಯಿಯ ಜೊತೆಗಿನ ಸಂಬಂಧಕ್ಕೆ ಐದು ಪದ ಕೇಳಿದೆ. ‘ಪ್ರೀತಿ, ಅಕ್ಕರೆ, ತುಂಬಾ ಚೆನ್ನಾಗಿತ್ತು...’ ಎಂದರು. ನೆನಪು ಕೇಳಿದರೆ ಒಂದೂ ಬರಲಿಲ್ಲ. ಸುಳ್ಳು ಹೇಳುತ್ತಿದ್ದಾರೆಯೇ? (ಆಪ್ತಸಮಾಲೋಚಕಿ)

ಉತ್ತರ: ಹಾಗೆ ತಿಳಿಯಬೇಡಿ. ಆ ಭಾಗ ಇರುವುದೇ ಇದನ್ನು ಹೊರತರುವುದಕ್ಕೆ. ಮೊದಲು ಐದು ಪದ, ಆಮೇಲೆ ಒಂದೊಂದು ಪದಕ್ಕೂ ಒಂದು ನಿರ್ದಿಷ್ಟ ನೆನಪು. ‘ಅಕ್ಕರೆ’ಗೆ ‘ಅಮ್ಮ ಅಂದ್ರೆ ಹಾಗೇ ಅಲ್ವಾ’ ಎಂಬ ಉತ್ತರ ಬಂದರೆ ಅದು ಪದವನ್ನೇ ತಿರುಗಿಸಿ ಹೇಳಿದಂತೆ. ‘ಒಂದು ಸಲ ಬಿದ್ದು ಕೈ ಮುರಿದಿತ್ತು, ರಾತ್ರಿಯೆಲ್ಲಾ ಪಕ್ಕದಲ್ಲೇ ಕೂತಿದ್ಲು’ ಎಂದರೆ ಪದಕ್ಕೆ ಆಧಾರ ಸಿಕ್ಕಿತು. ಹೊಗಳಿಕೆ ತುಂಬಾ, ಆಧಾರ ಇಲ್ಲ, ಜೊತೆಗೆ ‘ನೆನಪಿಲ್ಲ’ ಎಂಬುದು ಮತ್ತೆ ಮತ್ತೆ ಬಂದರೆ ಬಾಂಧವ್ಯವನ್ನು ಬದಿಗೆ ಸರಿಸುವ ಮನಃಸ್ಥಿತಿಯತ್ತ ಅದು ಬೊಟ್ಟು ಮಾಡುತ್ತದೆ.

ಎಎಐ ಅಂಕದ ಹಿಂದಿರುವುದು ತತ್ವಶಾಸ್ತ್ರಜ್ಞ ಪಾಲ್ ಗ್ರೈಸ್ ಹೇಳಿದ ಸಂಭಾಷಣೆಯ ನಾಲ್ಕು ಸೂತ್ರಗಳು: ಹೇಳಿದ್ದಕ್ಕೆ ಆಧಾರ ಇರಲಿ, ಬೇಕಾದಷ್ಟೇ ಇರಲಿ, ಕೇಳಿದ್ದಕ್ಕೆ ಸಂಬಂಧಪಟ್ಟಿರಲಿ, ಸ್ಪಷ್ಟವಾಗಿರಲಿ. ಬದಿಗೆ ಸರಿಸುವವರು ಆಧಾರವಿಲ್ಲದೆ, ತೀರಾ ಕಡಿಮೆ ಮಾತಿನಲ್ಲಿ ಮುಗಿಸುತ್ತಾರೆ. ಹಳೆಯದರಲ್ಲೇ ಸಿಲುಕಿಕೊಂಡವರು ಅಳತೆ ಮೀರಿ ಮಾತಾಡುತ್ತಾರೆ, ನಲವತ್ತು ವರ್ಷದ ಹಿಂದಿನ ಜಗಳ ಈಗ ನಡೆಯುತ್ತಿರುವಂತೆ ವರ್ತಮಾನಕಾಲಕ್ಕೆ ಜಾರುತ್ತಾರೆ. ಸಾವು ಅಥವಾ ದೌರ್ಜನ್ಯದ ಭಾಗಕ್ಕೆ ಬಂದಾಗ ಮಾತ್ರ ತರ್ಕ ತಪ್ಪಿದರೆ, ಉದಾಹರಣೆಗೆ ತೀರಿಹೋದವರು ಇನ್ನೂ ಬದುಕಿರುವಂತೆ ಗೊತ್ತಿಲ್ಲದೆಯೇ ಮಾತಾಡಿದರೆ, ಅದನ್ನು ‘ಇನ್ನೂ ಇತ್ಯರ್ಥವಾಗದ ನಷ್ಟ’ ಎಂದು ಪ್ರತ್ಯೇಕವಾಗಿ ಗುರುತಿಸುತ್ತಾರೆ. ಆತ್ಮ, ಪರಲೋಕಗಳ ಬಗ್ಗೆ ಒಬ್ಬರಿಗಿರುವ ನಂಬಿಕೆಯ ಮಾತನ್ನು ಇದರೊಳಗೆ ಸೇರಿಸಬಾರದು.

ನಮಗೆ ಅತ್ಯಂತ ಮೆಚ್ಚಿಗೆಯಾಗುವುದು ಈ ವಿಧಾನದ ಇನ್ನೊಂದು ಮುಖ. ಬಾಲ್ಯದಲ್ಲಿ ಹೊಡೆತ, ನಿರ್ಲಕ್ಷ್ಯ ಕಂಡವರು ಅದನ್ನು ಮುಚ್ಚಿಡದೆ, ಅದರಲ್ಲೇ ಮುಳುಗದೆ, ಸುಸಂಬದ್ಧವಾಗಿ ಹೇಳಬಲ್ಲರಾದರೆ ಅವರನ್ನು ಸುಭದ್ರರೆಂದೇ ವರ್ಗೀಕರಿಸುತ್ತಾರೆ. ಬಾಲ್ಯ ಕೆಟ್ಟದಾಗಿತ್ತು ಎಂಬ ಕಾರಣಕ್ಕೆ ಯಾರ ಅಂಕವೂ ಕಡಿಮೆಯಾಗುವುದಿಲ್ಲ.

ಎರಡು ಎಚ್ಚರಿಕೆ. ಪದ ಹುಡುಕುವಾಗ ಮೌನ ಎಷ್ಟು ಹೊತ್ತಾದರೂ ಸರಿ, ನೀವು ಪದ ಕೊಡಬೇಡಿ. ಕೊಟ್ಟರೆ ಅದು ನಿಮ್ಮ ಪದ. ಮತ್ತು ಅಂಕ ಕೊಡಲು ಎರಡು ವಾರದ ತರಬೇತಿ, ಅದರ ಮೇಲೆ ತಿಂಗಳುಗಟ್ಟಲೆ ನಡೆಯುವ ನಿಖರತೆಯ ಪರೀಕ್ಷೆ ಬೇಕು. ಅದಿಲ್ಲದೆ ಪ್ರಶ್ನೆಗಳನ್ನು ಮಾತುಕತೆಗೆ ಬಳಸಿಕೊಳ್ಳಿ, ವರದಿಯಲ್ಲಿ ವರ್ಗದ ಹೆಸರು ಬರೆಯಬೇಡಿ.

ಪ್ರಶ್ನೆ: ರೆಕಾರ್ಡ್ ಮಾಡಲೇಬೇಕೇ? ಬರೆದುಕೊಂಡರೆ ಸಾಲದೇ?

ಉತ್ತರ: ಎಎಐಗೆ ರೆಕಾರ್ಡಿಂಗ್ ಇಲ್ಲದೆ ಅಂಕವೇ ಇಲ್ಲ. ತಡವರಿಕೆ, ಅರ್ಧಕ್ಕೆ ನಿಂತ ವಾಕ್ಯ, ಮೌನದ ಸೆಕೆಂಡುಗಳು ಎಲ್ಲವನ್ನೂ ಇದ್ದಂತೆ ಬರಹಕ್ಕಿಳಿಸಬೇಕು. ಒಂದು ಗಂಟೆಯ ಮಾತಿಗೆ 5-6 ಗಂಟೆಯಾದರೂ ಹಿಡಿಯುತ್ತದೆ. ವ್ಯಾಕರಣ ತಿದ್ದುವ ಟೈಪಿಸ್ಟ್ ಕೈಗೆ ಕೊಟ್ಟರೆ ಸಾಕ್ಷ್ಯವೇ ಅಳಿಸಿಹೋಗುತ್ತದೆ. ಎಎಸ್‌ಐನಲ್ಲಿ ಪೂರ್ತಿ ಬರಹ ಬೇಕಿಲ್ಲದಿದ್ದರೂ ಪ್ರತಿ ಅಂಕದ ಎದುರು ಅವರದೇ ಮಾತಿನ ಒಂದೆರಡು ಸಾಲು ಇರಬೇಕು. ಲಿಖಿತ ಒಪ್ಪಿಗೆಯನ್ನು ರೆಕಾರ್ಡರ್ ಹಚ್ಚುವ ಮೊದಲೇ ಪಡೆಯಿರಿ.

ಪ್ರಶ್ನೆ: ನಾವಿಬ್ಬರು ಒಂದೇ ಸಂದರ್ಶನಗಳಿಗೆ ಪ್ರತ್ಯೇಕವಾಗಿ ಅಂಕ ಕೊಟ್ಟೆವು. ಶೇ. 80 ಹೊಂದಿಕೆ ಬಂದಿದೆ. ಮಾರ್ಗದರ್ಶಕರು ಸಾಲದು ಅನ್ನುತ್ತಾರೆ. (ಸಂಶೋಧನಾ ವಿದ್ಯಾರ್ಥಿ)

ಉತ್ತರ: ಮಾರ್ಗದರ್ಶಕರ ಮಾತು ಸರಿ. ನೀವಿಬ್ಬರೂ ಶೇ. 80 ಮಂದಿಯನ್ನು ಸುಭದ್ರ, ಶೇ. 20 ಮಂದಿಯನ್ನು ಅಭದ್ರ (ಸುಭದ್ರವಲ್ಲದ ಶೈಲಿ) ಎಂದಿರೆನ್ನಿ. ಕಣ್ಣು ಮುಚ್ಚಿ ಗುರುತು ಹಾಕಿದ್ದರೂ 0.8×0.8 ಮತ್ತು 0.2×0.2 ಸೇರಿ ಶೇ. 68 ಹೊಂದಿಕೆ ತಾನಾಗಿ ಬರುತ್ತಿತ್ತು. ಕೊಹೆನ್‌ರ ಕಪ್ಪಾ ಎಂಬ ಹೊಂದಿಕೆಯ ಅಳತೆ ಆ ಪಾಲನ್ನು ಕಳೆಯುತ್ತದೆ: 80ರಲ್ಲಿ 68 ಕಳೆದರೆ 12, ಅದನ್ನು 100ರಲ್ಲಿ 68 ಕಳೆದು ಉಳಿದ 32ರಿಂದ ಭಾಗಿಸಿದರೆ 0.375. ಲ್ಯಾಂಡಿಸ್ ಮತ್ತು ಕಾಕ್ 1977ರಲ್ಲಿ ಕೊಟ್ಟ ಅಳತೆಯಲ್ಲಿ 0.61ರಿಂದ ಮೇಲೆ ಗಟ್ಟಿ ಹೊಂದಿಕೆ. ನಿಮ್ಮದು ಅದರಿಂದ ದೂರ ಇದೆ. ನಾಲ್ಕು ಹಂತದ ಅಂಕಗಳಿಗೆ ತೂಕದ ಕಪ್ಪಾ, ಅಂದರೆ ಭಿನ್ನತೆ ದೊಡ್ಡದಾದಷ್ಟೂ ತಪ್ಪನ್ನು ಹೆಚ್ಚೆಂದು ಎಣಿಸುವ ಕಪ್ಪಾ, ಬಳಸಿ. ‘ತೀವ್ರ’ಕ್ಕೂ ‘ಮಧ್ಯಮ’ಕ್ಕೂ ಇರುವ ಭಿನ್ನತೆಯನ್ನು ‘ತೀವ್ರ’ಕ್ಕೂ ‘ಇಲ್ಲ’ಕ್ಕೂ ಇರುವಷ್ಟೇ ದೊಡ್ಡ ತಪ್ಪೆಂದು ಎಣಿಸುವುದು ಸರಿಯಲ್ಲ.

ಹೊಂದಿಕೆ ಕಡಿಮೆಯಾಗಲು ಸಾಮಾನ್ಯ ಕಾರಣ, ಶೈಲಿಯನ್ನು ಮೊದಲು ಊಹಿಸಿ ಅದಕ್ಕೆ ತಕ್ಕಂತೆ ಬಿಡಿ ಅಂಕಗಳನ್ನು ತುಂಬುವುದು. ಕ್ರಮ ತಿರುಗಿಸಿ: ಒಬ್ಬೊಬ್ಬ ಆಪ್ತರ ಅಂಕ, ಆಮೇಲೆ ಏಳು ಮನೋಭಾವ, ಶೈಲಿ ಮತ್ತು ಮಟ್ಟ ಕೊನೆಗೆ.

ಪ್ರಶ್ನೆ: ದತ್ತು ಪಡೆಯಬಯಸುವ ದಂಪತಿಯ ಮೌಲ್ಯಮಾಪನದಲ್ಲಿ ಇದನ್ನು ಬಳಸಬಹುದೇ? ಊರು ಬಿಟ್ಟು ಹೊಸದಾಗಿ ಬಂದವರಿಗೆ ಆಪ್ತರೇ ಇರುವುದಿಲ್ಲ, ಅವರನ್ನು ಅಭದ್ರರೆನ್ನಬೇಕೇ? (ಸಮಾಜ ಕಾರ್ಯಕರ್ತೆ)

ಉತ್ತರ: ಬಳಸಬಹುದು. ಬ್ರಿಟನ್ನಿನಲ್ಲಿ ದತ್ತು ಮತ್ತು ಪೋಷಕ ಕುಟುಂಬಗಳ ಮೌಲ್ಯಮಾಪನಕ್ಕೆ ಎಎಸ್‌ಐ ಬಳಕೆಯಲ್ಲಿದೆ. ಆದರೆ ಅದೊಂದನ್ನೇ ನೆಚ್ಚಿ ಒಪ್ಪಿಗೆ ಅಥವಾ ನಿರಾಕರಣೆ ಕೊಡಬಾರದು. ಇದು ಕಾಯಿಲೆಯ ರೋಗನಿರ್ಣಯವೂ ಅಲ್ಲ.

ದಂಪತಿಯನ್ನು ಬೇರೆ ಬೇರೆ ಕೂರಿಸಿ, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳದಂತೆ, ಸಾಧ್ಯವಾದರೆ ಒಂದೇ ದಿನ. ಸಂಗಾತಿ ಪಕ್ಕದ ಕೋಣೆಯಲ್ಲಿ ಓಡಾಡುತ್ತಿದ್ದರೂ ಜಗಳದ ಪ್ರಶ್ನೆಗೆ ಸಿಗುವ ಉತ್ತರ ‘ಚೆನ್ನಾಗಿದೆ’ ಮಾತ್ರ. ಇಬ್ಬರ ಉತ್ತರವನ್ನೂ ಎದುರುಬದುರು ಇಟ್ಟಾಗ ಒಬ್ಬರು ಹೇಳಿಕೊಳ್ಳುತ್ತಾರೆ, ಇನ್ನೊಬ್ಬರು ಕೇಳಿಸಿಕೊಳ್ಳುತ್ತಾರೆ, ಆದರೆ ಹೇಳಿಕೊಳ್ಳುವುದೇ ಇಲ್ಲ ಎಂಬಂಥ ಅಸಮತೆ ಕಾಣುತ್ತದೆ. ಮಗು ಬಂದ ಮೇಲೆ ಭಾರ ಯಾರ ಮೇಲೆ ಬೀಳುತ್ತದೆ ಎಂದು ಚರ್ಚಿಸಲು ಅದು ನೇರ ಆಧಾರ.

ನಿಮ್ಮ ಎರಡನೆಯ ಪ್ರಶ್ನೆ ತುಂಬಾ ಸೂಕ್ಷ್ಮ. ಆಪ್ತರಿಲ್ಲದಿರುವುದು ಸಾಮರ್ಥ್ಯದ ಕೊರತೆಯಿಂದಲೇ ಅಥವಾ ಸಂದರ್ಭದಿಂದಲೇ ಎಂದು ಬಿಡಿಸಲು ಮೂರು ವಿಷಯ ಕೇಳಿ. ಬಿಟ್ಟುಬಂದ ಊರಿನಲ್ಲಿ ಆಪ್ತರಿದ್ದರೇ, ಅವರ ಜೊತೆ ಈಗಲೂ ಫೋನಿನಲ್ಲಿ ಮನಸ್ಸಿನ ಮಾತು ನಡೆಯುತ್ತದೆಯೇ? ನಡೆಯುತ್ತದಾದರೆ ಅವರನ್ನು ಆಪ್ತರೆಂದೇ ಎಣಿಸಿ, ದೂರ ಅಡ್ಡಿಯಲ್ಲ. ಹೊಸ ಜಾಗದಲ್ಲಿ ಪರಿಚಯ ಬೆಳೆಸಲು ಏನು ಮಾಡಿದ್ದಾರೆ? ಏಳು ಮನೋಭಾವಗಳಲ್ಲಿ ಅಪನಂಬಿಕೆ, ಅಡ್ಡಿ, ಭಯ ಕಡಿಮೆ ಇವೆಯೇ? ಮೂರಕ್ಕೂ ಉತ್ತರ ಅನುಕೂಲವಾಗಿದ್ದರೆ ಬೆಂಬಲ ಈಗ ಕಡಿಮೆಯಿದೆ, ಕಾರಣ ಸ್ಥಳಾಂತರ ಎಂದು ವರದಿಯಲ್ಲಿ ಸ್ಪಷ್ಟವಾಗಿ ಬರೆದು, ಆರು ತಿಂಗಳ ನಂತರ ಬೆಂಬಲದ ಭಾಗವನ್ನಷ್ಟೇ ಮತ್ತೆ ಕೇಳಿ. ಈಚೆಗೆ ಸಂಗಾತಿಯನ್ನು ಕಳೆದುಕೊಂಡವರ ವಿಷಯದಲ್ಲೂ ಹೀಗೇ ಮಾಡಿ.

ಸಂದರ್ಶನದ ನಡುವೆ ದೌರ್ಜನ್ಯ ಅಥವಾ ಸಾಯುವ ಯೋಚನೆಯ ಮಾತು ಬಂದರೆ ಅಂಕದ ಹಾಳೆ ಬದಿಗಿಡಿ. ಈಗ ಸುರಕ್ಷಿತವಾಗಿದ್ದಾರೆಯೇ ಎಂದು ನೇರವಾಗಿ ಕೇಳಿ, ಚಿಕಿತ್ಸೆ ಕೊಡಬಲ್ಲವರ ಸಂಪರ್ಕ ಆ ದಿನವೇ ಮಾಡಿಸಿ. ಇಂಥದ್ದೇನೂ ಇಲ್ಲದಿದ್ದರೂ ಭಾರವಾದ ಪ್ರಶ್ನೆಯ ಬೆನ್ನಿಗೇ ಎದ್ದು ಹೊರಡಬೇಡಿ. ಕೊನೆಯ ಹತ್ತು ನಿಮಿಷ ಅವರಿಗೆ ಇಷ್ಟವಾದ ಕೆಲಸ, ಮುಂದಿನ ವಾರದ ಯೋಜನೆಯಂಥ ಹಗುರ ವಿಷಯಕ್ಕೆ ಮೀಸಲಿಡಿ, ಮರುದಿನ ಒಂದು ಫೋನ್ ಮಾಡಿ ವಿಚಾರಿಸಿ.